ತೆರೆಯ ಮೇಲಿನ ಏರ್ ಡೆಕ್ಕನ್: ಎಷ್ಟು ನಿಜ?

ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಆತ್ಮಕಥೆ ‘ಸಿಂಪ್ಲಿ ಫ್ಲೈ’ಯನ್ನು ಆಧರಿಸಿ ಸುಧಾ ಕೊಂಗರ ನಿರ್ದೇಶಿಸಿದ ತಮಿಳು ಚಿತ್ರ ‘ಸೂರರೈ ಪೋಟ್ರು’. 2020ರ ನವೆಂಬರ್‌ನಲ್ಲಿ ಬಿಡುಗಡೆಯಾದ ಇದು ಕನ್ನಡಕ್ಕೂ ಡಬ್ ಆಯಿತು, ಮುಂದೆ ಐದು ರಾಷ್ಟ್ರಪ್ರಶಸ್ತಿಗಳನ್ನೂ ಪಡೆಯಿತು. ಬಸವಕಲ್ಯಾಣ, ಹುಮನಾಬಾದ್ ಕಡೆಯ ವಿದ್ಯಾರ್ಥಿಗಳು ಉದ್ಯಮ ಸ್ಥಾಪನೆಯ ಮಾತು ಬಂದಾಗಲೆಲ್ಲ ಇದನ್ನು ‘ಸತ್ಯಕಥೆ’ ಎಂದೇ ಉದಾಹರಿಸುತ್ತಾರೆ. ಆದ್ದರಿಂದ ಅದರ ಸತ್ಯಾಂಶವನ್ನು ಸ್ವಲ್ಪ ಪರಿಶೀಲಿಸಬೇಕಾಗಿದೆ.

ಹಾಸನ ಜಿಲ್ಲೆಯ ಗೊರೂರಿನ ಗೋಪಿನಾಥ್ ಚಿತ್ರದಲ್ಲಿ ಮಧುರೈ ಸಮೀಪದ ಶೋಳವಂದಾನಿನ ಮಾರನಾಗಿದ್ದಾರೆ; ಭೂಸೇನೆಯ ಅಧಿಕಾರಿ ವಾಯುಸೇನೆಯವನಾಗಿದ್ದಾನೆ. ನಾಯಕನ ಸಾಮಾಜಿಕ ಹಿನ್ನೆಲೆಯೂ ಬೇರೆಯೇ. ಪತ್ನಿಯ ಬೇಕರಿ ಮಾತ್ರ ನಿಜಜೀವನದಿಂದಲೇ ಹೋದದ್ದು! ಚಿತ್ರದಲ್ಲಿ ಕಲ್ಪನೆ ಬಹಳವಿದೆ, ಆದರೆ ಪುಸ್ತಕದ ಸಾರ ಉಳಿದಿದೆ ಎಂದು ಸ್ವತಃ ಗೋಪಿನಾಥರೇ ಹೇಳಿದ್ದಾರೆ. ಊರು, ಹೆಸರು ಬದಲಾದರೆ ನನ್ನ ತಕರಾರಿಲ್ಲ.

ತಕರಾರು ಇರುವುದು ಬಿಟ್ಟುಹೋದ ವರ್ಷಗಳ ಬಗ್ಗೆ. ಸೇನೆ ಬಿಟ್ಟ ಗೋಪಿನಾಥ್ ರೇಷ್ಮೆ ಕೃಷಿ ಮಾಡಿದರು. ಅದಕ್ಕಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಸೇನೆಯ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮುಯೆಲ್ ಜೊತೆ ಕಟ್ಟಿದ ಡೆಕ್ಕನ್ ಏವಿಯೇಷನ್ 1997ರಿಂದ ಹೆಲಿಕಾಪ್ಟರ್‌ಗಳನ್ನು ಬಾಡಿಗೆಗೆ ಹಾರಿಸಿತು. ಪರವಾನಗಿ, ನಿರ್ವಹಣೆ, ಪೈಲಟ್‌ಗಳು, ಸಾಲದ ವ್ಯವಹಾರ ಇವೆಲ್ಲವನ್ನೂ ಕಲಿತ ಶಾಲೆ ಅದು. ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ. ಹೆಲಿಕಾಪ್ಟರ್ ಅಧ್ಯಾಯವನ್ನು ಕೈಬಿಟ್ಟ ಚಿತ್ರ, ಛಲವೊಂದೇ ಬಂಡವಾಳ ಎಂಬ ಭಾವನೆ ಮೂಡಿಸುತ್ತದೆ.

ಇನ್ನು ವಿಜ್ಞಾನದ ಮಾತು. ಏರ್ ಡೆಕ್ಕನ್ ಆರಂಭಿಸಿದ್ದು ಸುಮಾರು 48 ಆಸನಗಳ ಎಟಿಆರ್ 42 ವಿಮಾನಗಳಿಂದ. ಇವು ಟರ್ಬೊಪ್ರಾಪ್, ಅಂದರೆ ಟರ್ಬೈನಿನಿಂದ ತಿರುಗುವ ಪ್ರೊಪೆಲರ್ ಉಳ್ಳವು. ಏಕೆ? ಸೆಕೆಂಡಿಗೆ 100 ಕಿ.ಗ್ರಾಂ ಗಾಳಿಯ ವೇಗವನ್ನು 60 ಮೀ/ಸೆ ಹೆಚ್ಚಿಸಿ ಹಿಂದಕ್ಕೆ ತಳ್ಳಿದರೆ ನೂಕುಬಲ 6000 ನ್ಯೂಟನ್. 200 ಕಿ.ಗ್ರಾಂ ಗಾಳಿಯನ್ನು 30 ಮೀ/ಸೆ ತಳ್ಳಿದರೂ ಅಷ್ಟೇ. ಆದರೆ ಗಾಳಿಗೆ ಬಿಟ್ಟುಕೊಡುವ ಚಲನಶಕ್ತಿ ಮೊದಲನೆಯದರಲ್ಲಿ ಸೆಕೆಂಡಿಗೆ 1,80,000 ಜೂಲ್, ಎರಡನೆಯದರಲ್ಲಿ 90,000 ಜೂಲ್. ಸಂವೇಗ ವೇಗಕ್ಕೆ ಅನುಪಾತದಲ್ಲಿದ್ದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದೇ ಇದಕ್ಕೆ ಕಾರಣ. ದೊಡ್ಡ ಪ್ರೊಪೆಲರ್ ಬಹಳ ಗಾಳಿಯನ್ನು ನಿಧಾನವಾಗಿ ತಳ್ಳುತ್ತದೆ. ವೇಗ ಕಡಿಮೆಯಾದರೂ ಹತ್ತಿರದ ಊರುಗಳ ನಡುವೆ ಕಳೆದುಕೊಳ್ಳುವ ಸಮಯ ಅಲ್ಪ, ಉಳಿಯುವ ಇಂಧನ ಹೆಚ್ಚು. ಚಿಕ್ಕ ರನ್‌ವೇಯೂ ಸಾಕು.

ಒಂದು ರೂಪಾಯಿ ಟಿಕೆಟ್ಟೂ ಪವಾಡವಲ್ಲ. ಆ ದರ ಕೆಲವೇ ಆಸನಗಳಿಗೆ; ಖಾಲಿ ಹಾರುವ ಆಸನದಿಂದ ಏನೂ ಹುಟ್ಟುವುದಿಲ್ಲ. ಪುಕ್ಕಟೆ ಊಟ ಇಲ್ಲ, ಟಿಕೆಟ್ ಅಂತರ್ಜಾಲದಲ್ಲಿ, ವಿಮಾನ ನೆಲದ ಮೇಲೆ ನಿಲ್ಲುವ ಹೊತ್ತು ಕಡಿಮೆ. ಹೀಗೆ ಪೈಸೆ ಪೈಸೆ ಉಳಿಸಿದ ಲೆಕ್ಕಕ್ಕೆ ಚಿತ್ರದಲ್ಲಿ ಸಿಗುವ ಜಾಗ ಕಣ್ಣೀರಿಗೆ ಸಿಗುವುದಕ್ಕಿಂತ ಬಹಳ ಕಡಿಮೆ. ಅಡೆತಡೆಗಳೆಲ್ಲ ಹೆಚ್ಚುಕಡಿಮೆ ಪರೇಶ್ ಗೋಸ್ವಾಮಿ ಎಂಬ ಒಬ್ಬ ಖಳನ ತಲೆಗೇ ಬೀಳುತ್ತವೆ.

ನಮ್ಮ ಜಿಲ್ಲೆಯನ್ನೇ ನೋಡಿ. 2020ರ ಫೆಬ್ರುವರಿ 7ರಂದು ಬೀದರ್–ಬೆಂಗಳೂರು ವಿಮಾನಸೇವೆಯನ್ನು ಟ್ರೂಜೆಟ್ ‘ಉಡಾನ್’ ಯೋಜನೆಯಡಿ ಆರಂಭಿಸಿತು. ವಿಮಾನ ಎಟಿಆರ್ 72. ಆ ಸೇವೆ ನಿಂತು, 2022ರಲ್ಲಿ ಇನ್ನೊಂದು ಸಂಸ್ಥೆ ಬಂತು, 2023ರ ಕೊನೆಗೆ ಅದೂ ನಿಂತು 2025ರಲ್ಲಿ ಮತ್ತೆ ಆರಂಭವಾಯಿತು. ಇಲ್ಲಿ ಯಾವ ಖಳ? ಇಂಧನದ ಬೆಲೆ, ತುಂಬಿದ ಆಸನಗಳು, ಸರ್ಕಾರದ ನೆರವು ಇವನ್ನು ಕೂಡಿಸಿ ಕಳೆದರೆ ಬಹುಪಾಲು ಉತ್ತರ ಸಿಗುತ್ತದೆ.

ಚಿತ್ರ ಗೆಲುವಿನಲ್ಲಿ ಮುಗಿಯುತ್ತದೆ. ವಾಸ್ತವದಲ್ಲಿ ಏರ್ ಡೆಕ್ಕನ್ ನಷ್ಟಕ್ಕೆ ಸಿಲುಕಿತು. 2007ರಲ್ಲಿ ಕಿಂಗ್‌ಫಿಷರ್‌ನ ಒಡೆತನ ಹೊಂದಿದ್ದ ಯುಬಿ ಸಮೂಹ ಅದರ ಶೇಕಡಾ 26ರಷ್ಟು ಪಾಲನ್ನು ಕೊಂಡಿತು, 2008ರಲ್ಲಿ ಎರಡೂ ಸಂಸ್ಥೆಗಳು ವಿಲೀನವಾಗಿ ಡೆಕ್ಕನ್ ಹೆಸರು ‘ಕಿಂಗ್‌ಫಿಷರ್ ರೆಡ್’ ಆಯಿತು. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳೂ ನೆಲಕ್ಕಿಳಿದವು.