ವಲಸೆಗಾರ ಮತ್ತು ಸುಧಾರಣೆ: ಹ್ಯಾಂಡ್ಲಿನ್ನರ ಗ್ರಂಥವೊಂದರ ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸವನ್ನು ಪಾಠ ಹೇಳುವವರು 1865ರ ಅನಂತರದ ಅರ್ಧ ಶತಮಾನವನ್ನು ಸಾಮಾನ್ಯವಾಗಿ ಮೂರು ಅಧ್ಯಾಯಗಳಾಗಿ ವಿಂಗಡಿಸಿಕೊಳ್ಳುವುದುಂಟು: ಕೈಗಾರಿಕೆಯ ಬೆಳವಣಿಗೆ, ವಲಸೆ, ಸಮಾಜ ಸುಧಾರಣೆ. ಮೊದಲನೆಯದರಲ್ಲಿ ಕಾರ್ನೆಗಿ, ರಾಕ್‌ಫೆಲರ್ ಮೊದಲಾದ ಉದ್ಯಮಪತಿಗಳು ಬರುತ್ತಾರೆ. ಎರಡನೆಯದರಲ್ಲಿ ಹಡಗಿನಿಂದಿಳಿದ, ಹೆಸರಿಲ್ಲದ ಜನಸ್ತೋಮ. ಮೂರನೆಯದರಲ್ಲಿ ಆ ಜನಸ್ತೋಮದ ಕಷ್ಟವನ್ನು ಕಂಡು ಮರುಗಿದ ವಿದ್ಯಾವಂತ ಸುಧಾರಕರು. ನೋಡುವುದಕ್ಕೆ ಅನುಕೂಲವಾದ ಈ ವಿಭಾಗಕ್ರಮದಲ್ಲಿ ಒಂದು ತೀರ್ಮಾನವೂ ಅಡಗಿದೆ. ಉದ್ಯಮಪತಿಗಳೂ ಸುಧಾರಕರೂ ಇತಿಹಾಸದ ಕರ್ತೃಗಳು, ವಲಸೆಗಾರರು ಅದರ ಕರ್ಮ ಎಂಬುದೇ ಆ ತೀರ್ಮಾನ. ಇದಕ್ಕೆ ವಿದ್ವತ್ತಿನ ಬಲವನ್ನೂ ಸಾಹಿತ್ಯದ ಕಾಂತಿಯನ್ನೂ ಒದಗಿಸಿದ ಗ್ರಂಥಗಳಲ್ಲಿ ಆಸ್ಕರ್ ಹ್ಯಾಂಡ್ಲಿನ್ನರ 'ದಿ ಅಪ್‌ರೂಟೆಡ್', ಎಂದರೆ 'ಬೇರು ಕಳಚಿಕೊಂಡವರು', ಮುಖ್ಯವಾದುದು. ಅದರ ಗುಣದೋಷಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗ್ರಂಥವು 1951ರಲ್ಲಿ ಪ್ರಕಟವಾಗಿ, ಮರುವರ್ಷ ಇತಿಹಾಸ ವಿಭಾಗದ ಪುಲಿಟ್ಜರ್ ಬಹುಮಾನವನ್ನು ಪಡೆಯಿತು. ಗ್ರಂಥಕರ್ತರು ಸ್ವತಃ ವಲಸೆ ಬಂದ ಯೆಹೂದಿ ದಂಪತಿಗಳ ಮಗ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ವಲಸೆಗಾರರ ಇತಿಹಾಸವು ಅಮೆರಿಕದ ಇತಿಹಾಸದ ಒಂದು ಉಪಾಖ್ಯಾನವಲ್ಲ, ಅದೇ ಅಮೆರಿಕದ ಇತಿಹಾಸ ಎಂಬುದು ಅವರ ಪ್ರತಿಜ್ಞೆ. 1880ರಿಂದ 1920ರವರೆಗಿನ ನಲವತ್ತು ವರ್ಷಗಳಲ್ಲಿ ಎರಡು ಕೋಟಿಗೂ ಹೆಚ್ಚು ಜನರು ಆ ದೇಶವನ್ನು ಪ್ರವೇಶಿಸಿದರೆಂಬುದನ್ನೂ, 1907 ಒಂದೇ ವರ್ಷದಲ್ಲಿ ಬಂದವರ ಸಂಖ್ಯೆ 12 ಲಕ್ಷವನ್ನು ಮೀರಿತೆಂಬುದನ್ನೂ ನೆನೆದರೆ ಈ ಮಾತು ಅತ್ಯುಕ್ತಿಯೆನಿಸದು. ಉಕ್ಕಿನ ಕುಲುಮೆ, ಕಲ್ಲಿದ್ದಲ ಗಣಿ, ನೂಲಿನ ಗಿರಣಿ, ಮಾಂಸದ ಕಾರ್ಖಾನೆ, ಇವುಗಳಲ್ಲಿ ದುಡಿದ ಕೈಗಳು ಬಹುಮಟ್ಟಿಗೆ ಇವರವೇ. ಇಂಥವರನ್ನು ಅಂಕಿಅಂಶಗಳ ಪಟ್ಟಿಯಿಂದ ಹೊರತಂದು, ಅವರ ಒಳಮನಸ್ಸಿನ ಕಥೆಯನ್ನು ಹೇಳಬಯಸಿದ್ದು ಹ್ಯಾಂಡ್ಲಿನ್ನರ ಹಿರಿಮೆ. ಅಡಿಟಿಪ್ಪಣಿಗಳಿಲ್ಲದೆ, ಕಾದಂಬರಿಯಂತೆ ಓದಿಸಿಕೊಂಡು ಹೋಗುವ ಅವರ ಗದ್ಯವನ್ನು ಮೆಚ್ಚದಿರುವುದು ಕಷ್ಟ.

ಅವರ ವಾದದ ಸಾರ ಇಷ್ಟು. ಯುರೋಪಿನ ರೈತನು ಹಳ್ಳಿ, ಕುಟುಂಬ, ಇಗರ್ಜಿ, ಹೊಲ ಇವುಗಳ ನಡುವೆ ನೆಮ್ಮದಿಯಾಗಿ ಬೇರೂರಿದ್ದನು. ಜನಸಂಖ್ಯೆಯ ಏರಿಕೆ ಮತ್ತು ಕೃಷಿಪದ್ಧತಿಯ ಪರಿವರ್ತನೆ ಆ ಬೇರನ್ನು ಕಿತ್ತವು. ಕಡಲು ದಾಟಿ ನಗರದ ಕೊಳಚೆ ಕೇರಿಯಲ್ಲಿ ಬಿದ್ದ ಅವನು ಒಬ್ಬಂಟಿಯಾದನು, ದಿಕ್ಕುಗೆಟ್ಟನು. ಹಳೆಯದು ಉಳಿಯಲಿಲ್ಲ, ಹೊಸದು ಅವನದಾಗಲಿಲ್ಲ. ಅವನ ರಾಜಕೀಯವೂ ಈ ಭೀತಿಯಿಂದಲೇ ಹುಟ್ಟಿತು: ಕಷ್ಟಕಾಲದಲ್ಲಿ ಕಲ್ಲಿದ್ದಲನ್ನೂ ಕೆಲಸವನ್ನೂ ಕೊಡಿಸುತ್ತಿದ್ದ ವಾರ್ಡಿನ ಮುಖಂಡನಿಗೆ ಅವನು ನಿಷ್ಠನಾದನೇ ಹೊರತು, ಸುಧಾರಕರ ತತ್ತ್ವಗಳು ಅವನನ್ನು ಮುಟ್ಟಲಿಲ್ಲ.

ರಿಚರ್ಡ್ ಹಾಫ್‌ಸ್ಟಾಡ್ಟರರು 1955ರ 'ದಿ ಏಜ್ ಆಫ್ ರಿಫಾರ್ಮ್' ಎಂಬ ಗ್ರಂಥದಲ್ಲಿ ಇದೇ ಎಳೆಯನ್ನು ಮುಂದುವರಿಸಿದರು. ಸುಧಾರಣೆಯ ಯುಗವು ಹುಟ್ಟಾ ಅಮೆರಿಕನರಾದ ಪ್ರಾಟೆಸ್ಟಂಟ್ ಮಧ್ಯಮವರ್ಗದ ನೀತಿಪ್ರಜ್ಞೆಯಿಂದ ಮೂಡಿದ್ದು, ವಲಸೆಗಾರನ ರಾಜಕೀಯ ಸಂಸ್ಕಾರ ಅದಕ್ಕೆ ಪ್ರತಿಕೂಲವಾಗಿತ್ತು ಎಂದು ಅವರು ಪ್ರತಿಪಾದಿಸಿದರು. ಹೀಗೆ ಒಬ್ಬರ ಕರುಣೆ ಇನ್ನೊಬ್ಬರ ಸಿದ್ಧಾಂತಕ್ಕೆ ಆಧಾರವಾಯಿತು.

ಮೊದಲ ಬಲವಾದ ಆಕ್ಷೇಪಣೆ ಬಂದದ್ದು 1964ರಲ್ಲಿ. ಚಿಕಾಗೋ ನಗರದ ದಕ್ಷಿಣ ಇಟಲಿಯವರನ್ನು ಕುರಿತ ಪ್ರಬಂಧವೊಂದರಲ್ಲಿ ರುಡಾಲ್ಫ್ ವೆಕೋಲಿಯವರು ಹ್ಯಾಂಡ್ಲಿನ್ನರ ರೈತನನ್ನು ಹುಡುಕಿದರು, ಅವನು ಸಿಕ್ಕಲಿಲ್ಲ. ದಕ್ಷಿಣ ಇಟಲಿಯ ರೈತರು ವಾಸಿಸುತ್ತಿದ್ದುದು ಸಾಮರಸ್ಯದ ಪುಟ್ಟ ಹಳ್ಳಿಗಳಲ್ಲಿ ಅಲ್ಲ, ಕಿಕ್ಕಿರಿದ ಗ್ರಾಮೀಣ ಪಟ್ಟಣಗಳಲ್ಲಿ. ಅವರ ನಿಷ್ಠೆ ಇದ್ದುದು ಕುಟುಂಬಕ್ಕೆ. ಊರೊಟ್ಟಿನ ಬಾಳು ಅವರಿಗೆ ಅಷ್ಟಾಗಿ ತಿಳಿದಿರಲಿಲ್ಲ. ಅಂತೆಯೇ ಚಿಕಾಗೋದಲ್ಲಿಯೂ ಅವರು ಒಂದೊಂದು ಊರಿನವರು ಒಂದೊಂದು ಬೀದಿಯಲ್ಲಿ ನೆಲೆಸಿ, ತಮ್ಮ ಊರಿನ ಸಂತರ ಉತ್ಸವಗಳನ್ನು ನಡೆಸಿಕೊಂಡು ಬಂದರು. 1985ರಲ್ಲಿ ಜಾನ್ ಬೋಡ್ನಾರರು ತಮ್ಮ ಗ್ರಂಥಕ್ಕೆ 'ದಿ ಟ್ರಾನ್ಸ್‌ಪ್ಲಾಂಟೆಡ್' ಎಂದು ಹೆಸರಿಟ್ಟರು. ಹೆಸರೇ ಹ್ಯಾಂಡ್ಲಿನ್ನರಿಗೆ ಉತ್ತರ. ಒಟ್ಲುಪಾತಿಯಿಂದ ಕಿತ್ತ ಪೈರನ್ನು ಗದ್ದೆಯಲ್ಲಿ ನಾಟಿ ಮಾಡುವುದನ್ನು ಕಂಡ ನಮ್ಮ ವಿದ್ಯಾರ್ಥಿಗಳಿಗೆ ಈ ಎರಡು ಶಬ್ದಗಳ ಅಂತರವನ್ನು ವಿವರಿಸಬೇಕಾದ್ದಿಲ್ಲ. ಇದರ ಜೊತೆಗೆ, ಇಟಲಿಯಿಂದಲೂ ಬಾಲ್ಕನ್ ಪ್ರದೇಶದಿಂದಲೂ ಬಂದವರಲ್ಲಿ ಬಹುಮಂದಿ ಕೆಲವು ವರ್ಷ ದುಡಿದು, ಹಣ ಕೂಡಿಸಿಕೊಂಡು ಸ್ವದೇಶಕ್ಕೆ ಮರಳಿದರು. ಲೆಕ್ಕ ಹಾಕಿ ಬಂದು, ಲೆಕ್ಕ ಹಾಕಿ ಹಿಂದಿರುಗಿದವರನ್ನು ದಿಕ್ಕುಗೆಟ್ಟವರೆಂದು ಕರೆಯುವುದು ಹೇಗೆ?

ಆದರೆ ನಮ್ಮ ಅಭಿಪ್ರಾಯದಲ್ಲಿ ಗ್ರಂಥದ ಹೆಚ್ಚಿನ ದೋಷವಿರುವುದು ಸುಧಾರಣೆಯ ವಿಷಯದಲ್ಲಿ. ನ್ಯೂಯಾರ್ಕಿನ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. 1909ರ ನವೆಂಬರಿನಲ್ಲಿ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಸಿದ್ಧ ಉಡುಪಿನ ಕಾರ್ಮಿಕರ ಸಭೆ ನೆರೆದಿತ್ತು. ಮುಖಂಡರ ದೀರ್ಘ ಭಾಷಣಗಳ ನಡುವೆ ಕ್ಲಾರಾ ಲೆಮ್ಲಿಚ್ ಎಂಬ ವಲಸೆ ಬಂದ ತರುಣಿ ಎದ್ದು, ಯಿಡ್ಡಿಷ್ ಭಾಷೆಯಲ್ಲಿ ಸಾರ್ವತ್ರಿಕ ಮುಷ್ಕರದ ಸೂಚನೆಯನ್ನು ಮಂಡಿಸಿದಳು. ಸುಮಾರು ಇಪ್ಪತ್ತು ಸಾವಿರ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ಯೆಹೂದಿ ಮತ್ತು ಇಟಾಲಿಯನ್ ಯುವತಿಯರು. ಅನೇಕ ಮಾಲೀಕರು ಸಂಘದೊಡನೆ ಒಪ್ಪಂದಕ್ಕೆ ಬಂದರು. ಟ್ರಯಾಂಗಲ್ ಕಂಪೆನಿ ಸಂಘಕ್ಕೆ ಮನ್ನಣೆ ಕೊಡಲಿಲ್ಲ. 1911ರ ಮಾರ್ಚ್ 25ರಂದು ಆ ಕಂಪೆನಿಯ ಕಾರ್ಖಾನೆಗೆ ಬೆಂಕಿ ಬಿದ್ದಿತು. ಹೊರಬರುವ ಬಾಗಿಲಿಗೆ ಬೀಗ ಹಾಕಿದ್ದಿತು. 146 ಮಂದಿ ಮಡಿದರು.

ಅನಂತರ ನ್ಯೂಯಾರ್ಕ್ ಸಂಸ್ಥಾನವು ಕಾರ್ಖಾನೆಗಳ ತನಿಖೆಗೆ ಆಯೋಗವೊಂದನ್ನು ನೇಮಿಸಿತು. ಅದರ ಅಧ್ಯಕ್ಷ ರಾಬರ್ಟ್ ವ್ಯಾಗ್ನರ್, ಜರ್ಮನಿಯಲ್ಲಿ ಹುಟ್ಟಿ ಬಾಲ್ಯದಲ್ಲಿ ವಲಸೆ ಬಂದವನು. ಉಪಾಧ್ಯಕ್ಷ ಆಲ್ ಸ್ಮಿತ್, ವಲಸೆಗಾರರ ಕೇರಿಯಲ್ಲಿ ಬೆಳೆದವನು. ಇಬ್ಬರೂ ಸುಧಾರಕರು ಭ್ರಷ್ಟವೆಂದು ಹಳಿಯುತ್ತಿದ್ದ ಟ್ಯಾಮನಿ ಪಕ್ಷಕೂಟದ ಆಳುಗಳು. ಈ ಆಯೋಗದ ಫಲವಾಗಿ ಮೂವತ್ತಕ್ಕೂ ಹೆಚ್ಚು ಕಾರ್ಮಿಕ ಶಾಸನಗಳು ಜಾರಿಗೆ ಬಂದವು. ಆಯೋಗಕ್ಕಾಗಿ ದುಡಿದ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ಕಾರ್ಮಿಕ ಇಲಾಖೆಯ ಮಂತ್ರಿಣಿಯಾದರು; ಕಾರ್ಮಿಕ ಸಂಘಗಳ ಹಕ್ಕನ್ನು ಸ್ಥಾಪಿಸಿದ 1935ರ ಕಾಯಿದೆ ವ್ಯಾಗ್ನರನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ವಲಸೆಗಾರರ ರಾಜಕೀಯ ಸುಧಾರಣೆಗೆ ಪ್ರತಿಕೂಲವಾಗಿತ್ತೆಂಬ ಸಿದ್ಧಾಂತ ಈ ಸಂಗತಿಗಳ ಮುಂದೆ ನಿಲ್ಲಲಾರದು. 1962ರಲ್ಲಿಯೇ ಹಟ್‌ಮ್ಯಾಕರ್ ಎಂಬ ವಿದ್ವಾಂಸರು ಈ ಅಂಶವನ್ನು ಎತ್ತಿ ತೋರಿಸಿದ್ದರು.

ಸುಧಾರಣೆಯು ಮೇಲಿನಿಂದ ಮಾತ್ರ ಇಳಿದುಬಂದಾಗ ಏನಾಗುತ್ತದೆಂಬುದಕ್ಕೆ ಮಸಾಚುಸೆಟ್ಸಿನ ಲಾರೆನ್ಸ್ ಪಟ್ಟಣ ಸಾಕ್ಷಿ. ಸ್ತ್ರೀಯರ ಮತ್ತು ಮಕ್ಕಳ ದುಡಿಮೆಯನ್ನು ವಾರಕ್ಕೆ 56 ಗಂಟೆಗಳಿಂದ 54ಕ್ಕೆ ಇಳಿಸುವ ಶಾಸನ 1912ರ ಜನವರಿಯಲ್ಲಿ ಜಾರಿಗೆ ಬಂದಿತು. ಗಿರಣಿಯ ಮಾಲೀಕರು ಅದೇ ಪ್ರಮಾಣದಲ್ಲಿ ಕೂಲಿಯನ್ನೂ ಇಳಿಸಿದರು. ಶಾಸನ ಮಾಡಿದವರ ಉದ್ದೇಶ ಒಳ್ಳೆಯದೇ. ಎರಡು ಗಂಟೆಯ ಕೂಲಿ ಎಂದರೆ ಒಂದು ಸಂಸಾರದ ಕೆಲವು ರೊಟ್ಟಿಗಳೆಂಬುದು ಗೊತ್ತಿದ್ದವರು ಕೂಲಿಗಳು ಮಾತ್ರ. ಹಲವಾರು ಭಾಷೆಗಳನ್ನಾಡುವ ಸಾವಿರಾರು ಮಂದಿ ಒಂದಾಗಿ ಎರಡು ತಿಂಗಳ ಕಾಲ ಮುಷ್ಕರ ಹೂಡಿ, ಕೂಲಿಯ ಏರಿಕೆಯನ್ನು ಪಡೆದರು.

ಹಾಗೆಂದು ಮಧ್ಯಮವರ್ಗದ ಸುಧಾರಕರ ಸೇವೆಯನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. 1889ರಲ್ಲಿ ಚಿಕಾಗೋದ ವಲಸೆಗಾರರ ಕೇರಿಯಲ್ಲಿಯೇ ಹಲ್ ಹೌಸನ್ನು ಸ್ಥಾಪಿಸಿ ಅಲ್ಲಿಯೇ ಬಾಳಿದ ಜೇನ್ ಆಡಮ್ಸರ ಕಾರ್ಯ ಎಂದಿಗೂ ಗೌರವಾರ್ಹ. ಪರ್ಕಿನ್ಸರಂಥವರ ನೆರವಿಲ್ಲದೆ ನ್ಯೂಯಾರ್ಕಿನ ಶಾಸನಗಳೂ ಆಗುತ್ತಿರಲಿಲ್ಲ. ಆದರೆ ವಲಸೆಗಾರನನ್ನು ಅಸಹಾಯನೆಂದು ಭಾವಿಸುವ ಚಿತ್ರಕ್ಕೆ ಎರಡು ಅಲಗುಗಳಿವೆ. 1911ರಲ್ಲಿ 41 ಸಂಪುಟಗಳ ವರದಿಯನ್ನೊಪ್ಪಿಸಿದ ಡಿಲ್ಲಿಂಗಾಮ್ ಆಯೋಗವು, ದಕ್ಷಿಣ ಮತ್ತು ಪೂರ್ವ ಯುರೋಪಿನ ಹೊಸ ವಲಸೆಗಾರರು ಹಿಂದಿನವರಷ್ಟು ಯೋಗ್ಯರಲ್ಲವೆಂಬ ಭಾವನೆಯನ್ನು ಬಲಪಡಿಸಿತು. ಅದರ ಬೆನ್ನಿಗೇ 1917ರ ಅಕ್ಷರಪರೀಕ್ಷೆಯೂ, 1924ರ ಪ್ರಮಾಣಬದ್ಧ ಪ್ರವೇಶದ ಕಾಯಿದೆಯೂ ಬಂದವು. ಹ್ಯಾಂಡ್ಲಿನ್ನರು ಈ ಕಾಯಿದೆಗಳನ್ನು ನಿಷ್ಠುರವಾಗಿ ವಿರೋಧಿಸಿದವರು. ಆದರೂ ವಿರೋಧಿಗಳು ತಿರಸ್ಕಾರದಿಂದ ಬರೆದ ಚಿತ್ರವನ್ನೇ ಅವರು ಕರುಣೆಯಿಂದ ಬರೆದರು. ಬಣ್ಣ ಬದಲಾಯಿತು, ರೇಖೆ ಬದಲಾಗಲಿಲ್ಲ.

ಮತ್ತೊಂದು ಕೊರತೆಯನ್ನು ಭಾರತೀಯ ವಾಚಕರು ಗಮನಿಸದಿರಲಾರರು. ಈ ಗ್ರಂಥದ ವಲಸೆಗಾರ ಯುರೋಪಿನವನು. 1869ರಲ್ಲಿ ಪೂರ್ಣಗೊಂಡ ಖಂಡಾಂತರ ರೈಲುಮಾರ್ಗದ ಪಶ್ಚಿಮ ಭಾಗವನ್ನು ಹಾಕಿದ ಚೀನಿಯರಿಗೆ, 1882ರಲ್ಲಿ ಅವರ ಮೇಲೆ ಮುಚ್ಚಿದ ಬಾಗಿಲಿಗೆ ಇಲ್ಲಿ ತಕ್ಕ ಸ್ಥಾನವಿಲ್ಲ. ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರು ಬಿಳಿಯರಲ್ಲವಾದ ಕಾರಣ ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಭಾರತೀಯರಿಗೆ ಆ ಹಕ್ಕು ದೊರೆತದ್ದು 1946ರಲ್ಲಿ. ಗ್ರಂಥ ಹೊರಬಂದದ್ದು ಅದಾದ ಐದು ವರ್ಷಗಳಿಗೆ. ವಲಸೆಯೇ ಅಮೆರಿಕದ ಇತಿಹಾಸವಾದರೆ, ತಡೆಯಲ್ಪಟ್ಟವರ ಕಥೆಯೂ ಅದರ ಅಂಗವಾಗಬೇಕು.

ಇಷ್ಟಾದರೂ 'ದಿ ಅಪ್‌ರೂಟೆಡ್' ಓದಬೇಕಾದ ಗ್ರಂಥ. ವಲಸೆಗಾರನಿಗೂ ಒಂದು ಅಂತರಂಗವಿದೆಯೆಂದು ಅದು ಕಲಿಸುತ್ತದೆ. ಅವನಿಗೆ ಒಂದು ಸಂಕಲ್ಪವೂ ಇತ್ತೆಂಬುದನ್ನು ಅದರ ವಿಮರ್ಶಕರಿಂದ ಕಲಿಯಬೇಕು. ಅಧ್ಯಾಪಕರು ಆ ಮೂರು ಅಧ್ಯಾಯಗಳನ್ನು ಬೇರೆ ಬೇರೆಯಾಗಿಯೇ ಹೇಳಲಿ. ಆದರೆ ಕೂಪರ್ ಯೂನಿಯನ್ನಿನ ಸಭೆಯನ್ನು ಯಾವ ಅಧ್ಯಾಯದಲ್ಲಿ ಸೇರಿಸಬೇಕೆಂದು ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿನೋಡಲಿ. ಅದು ಮೂರರಲ್ಲಿಯೂ ಸೇರುತ್ತದೆಂದು ಅವರಿಗೆ ಹೊಳೆದರೆ ಪಾಠದ ಉದ್ದೇಶ ಸಫಲವಾದಂತೆಯೇ ಸರಿ.