ರಾಗಿ ಮತ್ತು ‘-ರಾಗಿ’: ಪುರಂದರದಾಸರ ಒಂದು ಶ್ಲೇಷೆಯ ವ್ಯಾಕರಣ

ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ, ಪುರಂದರದಾಸರ ‘ರಾಗಿ ತಂದೀರಾ’ ಕೀರ್ತನೆಯನ್ನು ಪೌಷ್ಟಿಕ ಆಹಾರದ ಸ್ತುತಿಯಾಗಿ ಓದುವ ಪ್ರಲೋಭನೆ ಸಹಜ. ಈ ಓದನ್ನು ಕೀರ್ತನೆಯ ವ್ಯಾಕರಣವೇ ತಡೆಯುತ್ತದೆಂಬುದು ನಮ್ಮ ವಾದ.

ಇಲ್ಲಿನ ಶ್ಲೇಷೆ ನಿಂತಿರುವುದು ‘ಭಕ್ತರಾಗಿ’ ಎಂಬ ಮಾದರಿಯ ರೂಪಗಳ ಮೇಲೆ. ಆಕೃತಿಮಾ ವಿಭಜನೆಯಂತೆ ಅದು ಭಕ್ತ+ಅರ್+ಆಗಿ. ಉಚ್ಚಾರಣೆಯ ಅಕ್ಷರ ವಿಭಜನೆಯಾದರೋ ಭಕ್-ತ-ರಾ-ಗಿ. ಬಹುವಚನದ ರೇಫವು ‘ಆಗಿ’ಯ ಸ್ವರದೊಡನೆ ಒಂದೇ ಅಕ್ಷರವಾದಾಗ ಮಾತ್ರ ಧಾನ್ಯ ಕೇಳಿಸುತ್ತದೆ, ಆಕೃತಿಮಾಗಳ ಗಡಿ ಧಾನ್ಯದ ಹೆಸರಿನೊಳಗೇ ಹಾಯುತ್ತದೆ. ಹೀಗಾಗಿ ಈ ರಾಗಿ ಮಾನುಷ ಬಹುವಚನದಲ್ಲಿ ಬೆಳೆಯುವ ಬೆಳೆ. ‘ಭಕ್ತನಾಗಿ’ ಎಂದರೆ ಅದಿಲ್ಲ. ‘ಪೌಷ್ಟಿಕವಾಗಿ’, ‘ರುಚಿಯಾಗಿ’ ಎಂದರಂತೂ ಇಲ್ಲವೇ ಇಲ್ಲ. (ಪ್ರಕೃತಿಯೇ ‘ರು’ಕಾರಾಂತವಾಗಿರುವ ‘ಹಸಿರಾಗಿ’, ‘ಸಾರಾಗಿ’ಗಳದು ಬೇರೆ ಮಾತು.) ಕಾಳಿನ ಗುಣವನ್ನಲ್ಲ, ನೀಡುವವರ ಗುಣವನ್ನು ಹೇಳುವಾಗಲೇ ಇಲ್ಲಿ ಕಾಳು ದೊರೆಯುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಸ್ವಾರಸ್ಯಕರ. ‘ಆಗಿ’ ಎಂಬುದು ಕೃದಂತಾವ್ಯಯವೂ ಹೌದು, ವಿಧ್ಯರ್ಥದ ಮಧ್ಯಮಪುರುಷ ಬಹುವಚನವೂ ಹೌದು. ಮೊದಲನೆಯದೆಂದರೆ ಅದು ‘ತಂದೀರಾ’ ಎಂಬ ಪ್ರಶ್ನೆಗೆ ಅಧೀನ. ಎರಡನೆಯದೆಂದರೆ ಭಿಕ್ಷುಕನೇ ದಾನಿಗೆ ವಿಧಿಸುತ್ತಿದ್ದಾನೆ. ಒಂದನ್ನು ಆರಿಸಿಕೊಳ್ಳುವುದು ನಮಗೆ ಒಪ್ಪಿತವಲ್ಲ: ಎರಡನ್ನೂ ಕೇಳಿಸಿಕೊಂಡಾಗಲೇ ಜೋಳಿಗೆ ಒಡ್ಡಿದವನು ಉಪದೇಶಕನೂ ಆಗುತ್ತಾನೆ.