ಆಪರೇಟಿಂಗ್ ಸಿಸ್ಟಂ ಪಾಠ: ಲೆಕ್ಕ ಬಂತು, ಓದು ಬರಲಿಲ್ಲ

ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ನಾಲ್ಕು ದಶಕಗಳಿಂದ ಓದುತ್ತಿರುವ ಪುಸ್ತಕವೊಂದಿದೆ. 1983ರಲ್ಲಿ ಮೊದಲು ಬಂದ ‘ಆಪರೇಟಿಂಗ್ ಸಿಸ್ಟಂ ಕಾನ್ಸೆಪ್ಟ್ಸ್’. ಮುಖಪುಟದಲ್ಲಿ ಡೈನೋಸಾರ್‌ಗಳಿರುವುದರಿಂದ ಎಲ್ಲರಿಗೂ ಅದು ಡೈನೋಸಾರ್ ಪುಸ್ತಕ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲೂ ಸಿಲ್ಬರ್‌ಶಾಟ್ಜ್, ಗ್ಯಾಲ್ವಿನ್, ಗ್ಯಾನ್ ಅವರ ಪುಸ್ತಕವೇ ಪಠ್ಯ. ಪಿಎಚ್‌.ಡಿ. ಕೆಲಸಕ್ಕಾಗಿ ಆಗಾಗ ತೆರೆಯುವ ಈ ಪುಸ್ತಕವನ್ನು ಈಚೆಗೆ ಒಂದು ಕೃತಿಯನ್ನು ವಿಮರ್ಶಿಸುವ ಹಾಗೆ ಓದಿದೆ. ಇಲ್ಲಿ ತೀರ್ಮಾನ ಮಾಡುತ್ತಿರುವವರು ಯಾರು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಅದರ ಪ್ರಸಿದ್ಧ ಲೆಕ್ಕವೊಂದನ್ನು ನೋಡಿ. ಒಂದೇ ಪ್ರೊಸೆಸರ್‌ಗಾಗಿ ಮೂರು ಕೆಲಸಗಳು ಕಾಯುತ್ತಿವೆ. ಮೊದಲನೆಯದಕ್ಕೆ 24 ಮಿಲಿಸೆಕೆಂಡ್ ಬೇಕು, ಉಳಿದೆರಡಕ್ಕೆ ತಲಾ 3. ಬಂದ ಸಾಲಿನಲ್ಲೇ ಬಿಟ್ಟರೆ ಸರಾಸರಿ ಕಾಯುವಿಕೆ 17. ಚಿಕ್ಕವನ್ನು ಮುಂದೆ ಬಿಟ್ಟರೆ 3. ವಿದ್ಯಾರ್ಥಿ ಚೌಕ ಬರೆದು, ಕೂಡಿಸಿ, ಮೂರರಿಂದ ಭಾಗಿಸಿ ಅಂಕ ಪಡೆಯುತ್ತಾನೆ. ಆದರೆ ಮೊದಲು ಬಂದದ್ದು ಹಿಂದೆ ಸರಿದು 6 ಮಿಲಿಸೆಕೆಂಡ್ ಕಾದದ್ದನ್ನು ಸರಾಸರಿ ಹೇಳುವುದಿಲ್ಲ. ಚಿಕ್ಕವು ಬರುತ್ತಲೇ ಇದ್ದರೆ ಅದರ ಗತಿಯೇನು?

ನಮ್ಮೂರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಹೆಸರಿನಲ್ಲೇ ಕೆರೆಯಿದೆ. ಹಳೇ ಮೈಸೂರು ಸೀಮೆಯ ಕೆರೆಗಳ ಕೆಳಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು ಒಂದು ಕೆಲಸ, ಯಾರ ಗದ್ದೆಗೆ ಮೊದಲು ಎನ್ನುವುದು ಇನ್ನೊಂದು. ಕೊನೆಯ ಗದ್ದೆಗೆ ನೀರು ತಲುಪದಿದ್ದರೆ ಸರಾಸರಿ ತೋರಿಸಿ ಅವನು ತಪ್ಪಿಸಿಕೊಳ್ಳುವಂತಿರಲಿಲ್ಲ. ಡೈನೋಸಾರ್ ಪುಸ್ತಕವೂ ನೀತಿ ಬೇರೆ, ಸಾಧನ ಬೇರೆ ಎನ್ನುತ್ತದೆ, ಆದರೆ ಚಿಕ್ಕ ಭಾಗವೊಂದರಲ್ಲಿ ಹೇಳಿ ಮುಂದೆ ಹೋಗುತ್ತದೆ. ಅದರಲ್ಲಿ ನನಗೆ ಹಿಡಿಸಿದ್ದು ಒಂದು ವದಂತಿ. 1973ರಲ್ಲಿ ಎಂಐಟಿಯ ಐಬಿಎಂ 7094 ಯಂತ್ರವನ್ನು ನಿಲ್ಲಿಸಿದಾಗ, 1967ರಲ್ಲಿ ಸಲ್ಲಿಸಿದ್ದ ಕೆಳದರ್ಜೆಯ ಕೆಲಸವೊಂದು ಇನ್ನೂ ಸರದಿಗೆ ಕಾಯುತ್ತಿತ್ತಂತೆ. ಹಂಚಿಕೆ ಎಂದರೇನು ಎಂಬುದನ್ನು ಆ ಕೋಷ್ಟಕಕ್ಕಿಂತ ಚೆನ್ನಾಗಿ ಹೇಳುವುದು ಈ ವದಂತಿಯೇ.

ಪುಸ್ತಕದ ವಿಸ್ತಾರವನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಅದನ್ನು ಕಲಿಸುವ ಬಗೆಯ ಮೇಲೆ. ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದ ಪ್ರಯೋಗಗಳ ಪಟ್ಟಿಯಲ್ಲಿ ‘ಸಿಮ್ಯುಲೇಟ್’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಪ್ರೊಸೆಸರ್ ಹಂಚಿಕೆಯನ್ನು, ಪುಟ ಬದಲಾವಣೆಯನ್ನು ಸಿ ಭಾಷೆಯಲ್ಲಿ ಅಣಕು ಮಾಡಿ ತೋರಿಸಬೇಕು. ನಿಗದಿತ ಅವಧಿಯಲ್ಲಿ ಮುಗಿಸಲು, ಅಂಕ ಕೊಡಲು ಇದು ಅನುಕೂಲ. ಆದರೆ ಇಂಥ ಅಣಕಿನಲ್ಲಿ ಬರೀ ಅಂಕಿಗಳನ್ನು ಸಾಲಾಗಿ ಜೋಡಿಸುತ್ತೇವೆ. ಜೀವಂತ ಆಪರೇಟಿಂಗ್ ಸಿಸ್ಟಂನ ಒಂದು ಸಾಲನ್ನೂ ಮುಟ್ಟದೆ ಅದರ ಲೆಕ್ಕದಲ್ಲಿ ಪಾಸಾಗಬಹುದು.

ಇನ್ನೊಂದು ದಾರಿಯೂ ಇತ್ತು. 1970ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ತಮ್ಮ ತರಗತಿಗೆ ಎರಡು ಪುಸ್ತಕ ಮಾಡಿದರು. ಒಂದರಲ್ಲಿ ಯುನಿಕ್ಸ್ ಆರನೇ ಆವೃತ್ತಿಯ ತಿರುಳಿನ ಕೋಡ್, ಹತ್ತು ಸಾವಿರಕ್ಕಿಂತ ಕಡಿಮೆ ಸಾಲು. ಇನ್ನೊಂದರಲ್ಲಿ ಅದಕ್ಕೆ ವ್ಯಾಖ್ಯಾನ. ಗಮಕದಲ್ಲಿ ಒಬ್ಬರು ವಾಚಿಸಿ ಇನ್ನೊಬ್ಬರು ಅರ್ಥ ಬಿಡಿಸುವುದನ್ನು ಕೇಳಿದವರಿಗೆ ಈ ಕ್ರಮ ಹೊಸದಲ್ಲ. ಏಳನೇ ಆವೃತ್ತಿಯ ಹೊತ್ತಿಗೆ ಎಟಿ ಅಂಡ್ ಟಿ ಕಂಪನಿ ತನ್ನ ಕೋಡನ್ನು ತರಗತಿಯಲ್ಲಿ ಪಾಠ ಮಾಡುವುದನ್ನು ನಿರ್ಬಂಧಿಸಿತು. ಲಯನ್ಸ್ ಪುಸ್ತಕ ಜೆರಾಕ್ಸ್ ಪ್ರತಿಗಳಲ್ಲೇ ಕೈಯಿಂದ ಕೈಗೆ ದಾಟಿ, 1996ರಲ್ಲಿ ಅಧಿಕೃತವಾಗಿ ಅಚ್ಚಾಯಿತು.

ಆ ಕೋಡಿನಲ್ಲಿ ಒಂದು ಕೆಲಸದಿಂದ ಇನ್ನೊಂದಕ್ಕೆ ಜಿಗಿಯುವ ಕಡೆ, ಇದು ಓದುಗನಿಗೆ ಅರ್ಥವಾಗಬೇಕಿಲ್ಲ ಎಂಬ ಧಾಟಿಯ ಟಿಪ್ಪಣಿಯಿದೆ. ಅನೇಕರಿಗೆ ಅದು ಅಹಂಕಾರವಾಗಿ ಕೇಳಿಸಿತು. ಇದು ಪರೀಕ್ಷೆಗೆ ಬರುವುದಿಲ್ಲ ಎಂಬಷ್ಟೇ ಭಾವದಲ್ಲಿ ಬರೆದದ್ದು, ನಿಜವೆಂದರೆ ಅಲ್ಲಿ ಏನಾಗುತ್ತಿದೆ ಎಂಬುದು ನಮಗೂ ತಿಳಿದಿರಲಿಲ್ಲ ಎಂದು ಡೆನಿಸ್ ರಿಚಿ ಆಮೇಲೆ ವಿವರಿಸಿದರು. ವ್ಯವಸ್ಥೆಯನ್ನು ಮನುಷ್ಯರು ಕಟ್ಟಿದ್ದಾರೆ, ಅವರಿಗೂ ತಿಳಿಯದ್ದಿತ್ತು, ಆದ್ದರಿಂದ ಅದನ್ನು ಬದಲಿಸಬಹುದು ಎಂಬ ಧೈರ್ಯ ಕೋಷ್ಟಕದಿಂದ ಹುಟ್ಟುವುದಿಲ್ಲ.

ಲಯನ್ಸ್ ಪರಂಪರೆಯ ಇಂದಿನ ಕುಡಿ ಎಂದರೆ ಎಂಐಟಿಯವರು 2006ರಲ್ಲಿ ಪಾಠಕ್ಕೆಂದೇ ಬರೆದ ಎಕ್ಸ್‌ವಿ6. ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಕೆಲಸಗಳ ಪಟ್ಟಿಯನ್ನು ಸುತ್ತಿ, ಸಿದ್ಧವಿರುವುದಕ್ಕೆ ಸರದಿ ಕೊಡುವ ಅದರ ಶೆಡ್ಯೂಲರ್ ಒಂದು ಪುಟದೊಳಗೆ ಮುಗಿಯುತ್ತದೆ. ವಿದ್ಯಾರ್ಥಿ ಅದನ್ನು ತಿದ್ದಿ, ಮೇಲ್ದರ್ಜೆಯದಕ್ಕೇ ಸದಾ ಮೊದಲ ಪಾಳಿ ಎಂದು ಬರೆಯಲಿ. ಕೆಳದರ್ಜೆಯ ಕೆಲಸ ತನ್ನದೇ ಪರದೆಯ ಮೇಲೆ ನಿಂತುಹೋಗುವುದನ್ನು ನೋಡುತ್ತಾನೆ. 1967ರ ಆ ವದಂತಿ ಆಗ ಅವನ ಅನುಭವವಾಗುತ್ತದೆ.

ಹಳ್ಳಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಕೋಡ್ ಓದುವುದು ಕಷ್ಟ ಎನ್ನುವವರಿದ್ದಾರೆ. ನನಗೆ ತೋರುವುದು ಇದಕ್ಕೆ ವಿರುದ್ಧ. ಅಂಥವರಿಗೆ ನಿಜವಾದ ಗೋಡೆ ನೂರಾರು ಪುಟಗಳ ಇಂಗ್ಲಿಷ್ ಗದ್ಯ. ಚಿಕ್ಕ ಕೋಡು, ಪಕ್ಕದಲ್ಲಿ ಕನ್ನಡದ ವ್ಯಾಖ್ಯಾನ ಇದ್ದರೆ ಅವರು ಗೋಡೆ ದಾಟುತ್ತಾರೆ. ವ್ಯಾಖ್ಯಾನ ಬರೆಯುವುದು ನಮಗೆ ಗೊತ್ತಿರುವ ಕಸುಬೇ. ಆ ಒಂದು ಪುಟದ ಶೆಡ್ಯೂಲರ್‌ನಿಂದ ಅದನ್ನು ಶುರು ಮಾಡಬಹುದು.